ಫರ್ಮ್‌ವೇರ್ ಬದಲಿಸಬೇಕಾ, ರಿಮೋಟ್ ಆಕ್ಸೆಸ್ ಹಾಕಬೇಕಾ? ಮೊದಲು ಇಂಟರ್ನೆಟ್ ಕೇಬಲ್ ತೆಗೆದು ನೋಡಿ

ಸ್ಮಾರ್ಟ್ ಪ್ಲಗ್, ಸ್ವಿಚ್, ಬಲ್ಬ್ ಅಂತ ಒಂದೊಂದಾಗಿ ಮನೆಗೆ ತಂದವರು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳುತ್ತಾರೆ. ಕಂಪನಿಯ ಫರ್ಮ್‌ವೇರ್ ತೆಗೆದು ಟಾಸ್ಮೋಟಾ ಅನ್ನುವ ಉಚಿತ ಫರ್ಮ್‌ವೇರ್ ಹಾಕಲಾ, ಇಲ್ಲಾ ಟೇಲ್‌ಸ್ಕೇಲ್ ಥರದ ರಿಮೋಟ್ ಆಕ್ಸೆಸ್ ಹಾಕಿಕೊಂಡರೆ ಸಾಕಾ? ಕೇಳುವವರು ಎರಡರಲ್ಲಿ ಒಂದನ್ನು ಆರಿಸಬೇಕು ಅಂದುಕೊಂಡಿರುತ್ತಾರೆ.

ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಲೆಕ್ಕ ತಪ್ಪುತ್ತದೆ. ಫರ್ಮ್‌ವೇರ್ ಅಂದರೆ ಪ್ಲಗ್ಗಿನ ಒಳಗಿನ ಚಿಪ್‌ನಲ್ಲಿ ಓಡುವ ಸಾಫ್ಟ್‌ವೇರ್. ಆ ಪ್ಲಗ್ ಯಾರ ಮಾತು ಕೇಳಬೇಕು ಅನ್ನುವುದು ಅದರ ಕೈಯಲ್ಲಿದೆ. ರಿಮೋಟ್ ಆಕ್ಸೆಸ್ ಅಂದರೆ ನೀವು ಹೊರಗಿದ್ದಾಗ ಮನೆಯ ನೆಟ್‌ವರ್ಕಿನೊಳಗೆ ಬರುವ ದಾರಿ. ಒಂದು ಮನೆಯವರ ವಿಷಯ, ಇನ್ನೊಂದು ಬಾಗಿಲಿನ ವಿಷಯ. ನಿಮಗೆ ತೊಂದರೆ ಕೊಡುತ್ತಿರುವುದು ಯಾವುದು ಅಂತ ಗೊತ್ತಾದರೆ ಅರ್ಧ ತೀರ್ಮಾನ ಆದಂತೆ.

ಅದಕ್ಕೊಂದು ಸಣ್ಣ ಪರೀಕ್ಷೆ ಇದೆ. ರೂಟರ್ ಆನ್ ಇರಲಿ, ಹೊರಗಿನಿಂದ ಅದಕ್ಕೆ ಬರುವ ಇಂಟರ್ನೆಟ್ ಕೇಬಲ್ ಮಾತ್ರ ತೆಗೆಯಿರಿ. ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ವೈಫೈಯಲ್ಲೇ ಇದ್ದು ಆ್ಯಪ್‌ನಿಂದ ದೀಪ ಹಾಕಿ. ಹತ್ತಿತಾ? ಹಾಗಾದರೆ ನಿಮ್ಮ ಫರ್ಮ್‌ವೇರ್ ಮನೆಯೊಳಗೇ ಕೆಲಸ ಮಾಡುತ್ತಿದೆ, ನಿಮಗೆ ಬೇಕಿರುವುದು ಬಾಗಿಲು ಮಾತ್ರ. ಹತ್ತಲಿಲ್ಲವಾ? ಪಕ್ಕದಲ್ಲೇ ಕೂತು ನೀವು ಒತ್ತಿದ ಬಟನ್ ಎಲ್ಲೋ ದೂರದ ಸರ್ವರಿಗೆ ಹೋಗಿ ವಾಪಸ್ ಬರುತ್ತಿದೆ ಅಂತ ಅರ್ಥ. ಎಂಥ ಒಳ್ಳೆ ರಿಮೋಟ್ ಆಕ್ಸೆಸ್ ಹಾಕಿದರೂ ಅದು ಸರಿಹೋಗುವುದಿಲ್ಲ.

ನನ್ನ ಮನೆಯಲ್ಲೇ ಹೀಗಾಗಿತ್ತು. ಒಂದು ಕಂಪನಿಯ ಸರ್ವರ್ ಇಡೀ ಸಂಜೆ ಬಿದ್ದುಹೋಗಿತ್ತು. ವೈಫೈ ಚೆನ್ನಾಗಿತ್ತು, ಪ್ಲಗ್ ಚೆನ್ನಾಗಿತ್ತು, ಆದರೂ ಆ್ಯಪ್‌ನಿಂದ ಹೀಟರ್ ಆಫ್ ಆಗಲಿಲ್ಲ. ಗೋಡೆಯಿಂದ ಕಿತ್ತು ಆಫ್ ಮಾಡಬೇಕಾಯಿತು. ಆ ದಿನದಿಂದ ಈ ವಿಷಯ ನನಗೆ ಸುಮ್ನೆ ಹವ್ಯಾಸದ ಮಾತಾಗಿ ಉಳಿಯಲಿಲ್ಲ.

ಯಾವುದನ್ನು ನೋಡಿ ಆರಿಸಬೇಕು

ನಾನು ಐದು ವಿಷಯ ನೋಡುತ್ತೇನೆ. ಇಂಟರ್ನೆಟ್ ಹೋದರೂ ಮನೆ ನಡೆಯುತ್ತದಾ? ಕಂಪನಿ ಮುಚ್ಚಿದರೆ ಸಾಧನ ಉಳಿಯುತ್ತದಾ? ಹೊರಗಿನವರಿಗೆ ಒಳಗೆ ಬರಲು ಎಷ್ಟು ಸುಲಭ? ಹಾಕುವುದಕ್ಕೆ ಮತ್ತು ಆಮೇಲೆ ನೋಡಿಕೊಳ್ಳುವುದಕ್ಕೆ ಎಷ್ಟು ಸಮಯ ಬೇಕು? ಕೊನೆಯದಾಗಿ, ನೀವು ಊರಲ್ಲಿಲ್ಲದಾಗ ಕೆಟ್ಟರೆ ಮನೆಯಲ್ಲಿರುವ ಬೇರೆಯವರು ದೀಪ ಹಾಕಿಕೊಳ್ಳಬಹುದಾ?

ದುಡ್ಡನ್ನು ಬೇರೆಯಾಗಿ ಲೆಕ್ಕ ಹಾಕಿ. ಇಲ್ಲಿ ಹೇಳುವ ಫರ್ಮ್‌ವೇರ್ ಎಲ್ಲ ಉಚಿತ, ರಿಮೋಟ್ ಆಕ್ಸೆಸ್‌ನಲ್ಲೂ ಹೆಚ್ಚಿನವು ಮನೆ ಬಳಕೆಗೆ ಉಚಿತ. ಖರ್ಚು ಬರುವುದು ಸದಾ ಆನ್ ಇರುವ ಒಂದು ಪುಟ್ಟ ಕಂಪ್ಯೂಟರಿಗೆ, ಇಲ್ಲವೇ ತಿಂಗಳ ಚಂದಾಕ್ಕೆ. ಮತ್ತೆ ನಿಮ್ಮ ಸಮಯಕ್ಕೆ, ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕಂಪನಿಯ ಫರ್ಮ್‌ವೇರ್ ಹಾಗೇ ಇಟ್ಟುಕೊಳ್ಳುವುದು

ಇದನ್ನು ಸುಮ್ನೆ ತಳ್ಳಿಹಾಕಬೇಡಿ. ಡಬ್ಬಿ ತೆರೆದು ಐದು ನಿಮಿಷಕ್ಕೆ ಕೆಲಸ ಶುರು, ವಾರಂಟಿ ಇರುತ್ತದೆ, ಹೊರಗಿನಿಂದ ಓಡಿಸುವುದೂ ಅದರಲ್ಲೇ ಸೇರಿರುತ್ತದೆ. ಎರಡು ಬಲ್ಬು, ಒಂದು ಪ್ಲಗ್ ಇರುವವರಿಗೆ ಇಷ್ಟೇ ಸಾಕು.

ಆದರೆ ಅಪಾಯ ನಿಜವಾದದ್ದು. 2016ರಲ್ಲಿ ರಿವಾಲ್ವ್ ಅನ್ನುವ ಹಬ್‌ನ (ಮನೆಯ ಸಾಧನಗಳನ್ನೆಲ್ಲ ಒಂದೆಡೆ ಸೇರಿಸುವ ಪೆಟ್ಟಿಗೆ) ಸರ್ವರ್ ನಿಲ್ಲಿಸಿದಾಗ ಜನ ದುಡ್ಡು ಕೊಟ್ಟು ತಂದ ಹಬ್ ಕೆಲಸಕ್ಕೆ ಬಾರದಂತಾಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಅನ್ನುವ ಸ್ಮಾರ್ಟ್ ಹೋಮ್ ಕಂಪನಿಯ ಸರ್ವರ್‌ಗಳು ಮುನ್ಸೂಚನೆಯೇ ಇಲ್ಲದೆ ನಿಂತವು. ಗೋಡೆಯ ಸ್ವಿಚ್ ಒತ್ತಿದರೆ ದೀಪ ಹತ್ತುತ್ತಿತ್ತು, ಆ್ಯಪ್ ಮಾತ್ರ ಸತ್ತುಹೋಗಿತ್ತು. ಮನೆಯೊಳಗೇ ಕೆಲಸ ಮಾಡುವ ಸಾಧನಕ್ಕೆ ಈ ಭಯ ಇಲ್ಲ.

ಮಧ್ಯದ ದಾರಿಯೂ ಇದೆ, ಅದು ಜಾಸ್ತಿ ಜನರಿಗೆ ಗೊತ್ತಿಲ್ಲ. ಕೆಲವು ಕಂಪನಿಗಳು ತಮ್ಮ ಫರ್ಮ್‌ವೇರ್‌ನಲ್ಲೇ ಲೋಕಲ್ ಕಂಟ್ರೋಲ್, ಅಂದರೆ ಮನೆಯೊಳಗಿನಿಂದಲೇ ಓಡಿಸುವ ಸೌಕರ್ಯ, ಕೊಡುತ್ತವೆ. ಶೆಲ್ಲಿ ಕಂಪನಿಯ ಸಾಧನಗಳಲ್ಲಿ ಕ್ಲೌಡ್ (ಕಂಪನಿಯ ಸರ್ವರಿನ ಸಂಪರ್ಕ) ಆಫ್ ಮಾಡಿಟ್ಟು, ಬ್ರೌಸರಿನಿಂದಲೋ ಎಂಕ್ಯೂಟಿಟಿ (ಸಾಧನಗಳು ಪುಟ್ಟ ಸಂದೇಶ ಕಳಿಸಿಕೊಳ್ಳುವ ಪದ್ಧತಿ) ಮೂಲಕವೋ ಓಡಿಸಬಹುದು. ಬೇರೆ ಬೇರೆ ಕಂಪನಿಗಳ ಸಾಧನಗಳಿಗೆ ಒಂದೇ ಭಾಷೆಯಂತೆ 2022ರ ಅಕ್ಟೋಬರ್‌ನಲ್ಲಿ ಬಂದ ಮ್ಯಾಟರ್ ಸ್ಟ್ಯಾಂಡರ್ಡ್ ಕೂಡ ಮನೆಯ ನೆಟ್‌ವರ್ಕಿನೊಳಗೇ ಮಾತಾಡುವಂತೆ ಮಾಡಿದ್ದು. ಹೊಸದಾಗಿ ಕೊಳ್ಳುವವರಿಗೆ ನನ್ನ ಮೊದಲ ಸಲಹೆ ಇದೇ. ಕೊಳ್ಳುವಾಗಲೇ ಲೋಕಲ್ ಕಂಟ್ರೋಲ್ ಇರುವುದನ್ನು ಆರಿಸಿದರೆ ಫ್ಲ್ಯಾಶ್ ಮಾಡುವ, ಅಂದರೆ ಚಿಪ್ಪಿಗೆ ಬೇರೆ ಫರ್ಮ್‌ವೇರ್ ಬರೆಯುವ, ತಲೆನೋವೇ ಬರುವುದಿಲ್ಲ. ಮ್ಯಾಟರ್ ಸಾಧನಕ್ಕೆ ಹೊರಗಿನಿಂದ ಬರಬೇಕಾದರೆ ಮನೆಯಲ್ಲೊಂದು ಹಬ್ ಇರಬೇಕು, ಅದನ್ನು ಮರೆಯಬೇಡಿ.

ಟಾಸ್ಮೋಟಾ ಮತ್ತು ಇಎಸ್‌ಪಿಹೋಮ್

ಈಗಾಗಲೇ ಮನೆಯಲ್ಲಿರುವ ಸಾಧನಗಳು ಕ್ಲೌಡ್ ಇಲ್ಲದೆ ಅಲುಗಾಡುವುದಿಲ್ಲ ಅಂದರೆ ಈ ಎರಡು ಫರ್ಮ್‌ವೇರ್‌ಗಳು ಬೇಕಾಗುತ್ತವೆ. ಎರಡೂ ಮುಖ್ಯವಾಗಿ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಮತ್ತು ಇಎಸ್‌ಪಿ32 ಚಿಪ್‌ಗಳಿಗಾಗಿ ಬೆಳೆದವು. ಹಾಗಾಗಿ ಮೊದಲು ನೋಡಬೇಕಾದ್ದು ಬ್ರ್ಯಾಂಡಿನ ಹೆಸರನ್ನಲ್ಲ, ಒಳಗಿನ ಚಿಪ್ಪನ್ನು. ಒಂದೇ ಮಾಡೆಲ್ ನಂಬರಿನ ಪ್ಲಗ್‌ನಲ್ಲಿ ಹಳೆ ಬ್ಯಾಚಿಗೆ ಒಂದು ಚಿಪ್, ಹೊಸ ಬ್ಯಾಚಿಗೆ ಇನ್ನೊಂದು ಇರುವುದುಂಟು. ಅಗ್ಗದ ಸಾಧನಗಳಲ್ಲಿ ಈಚೆಗೆ ಬೀಕೆನ್ ಚಿಪ್‌ಗಳು ಬರುತ್ತಿವೆ. ಅವಕ್ಕೆ ಓಪನ್‌ಬೀಕೆನ್ ಅನ್ನುವ ಫರ್ಮ್‌ವೇರ್ ಇದೆ.

ಟಾಸ್ಮೋಟಾವನ್ನು ಶುರು ಮಾಡಿದವರು ಥಿಯೋ ಅರೆಂಡ್ಸ್, ಮೊದಲು ಸೋನ್‌ಆಫ್ ಸ್ವಿಚ್‌ಗಳಿಗಾಗಿ. ಇದರ ದೊಡ್ಡ ಗುಣ ಅಂದರೆ ಒಂದು ಸಲ ಹಾಕಿದ ಮೇಲೆ ಎಲ್ಲವೂ ಬ್ರೌಸರಿನಲ್ಲೇ ಆಗುತ್ತದೆ. ಪ್ಲಗ್ಗಿನ ಐಪಿ ವಿಳಾಸ ತೆರೆದರೆ ಪುಟವೊಂದು ಬರುತ್ತದೆ, ಅಲ್ಲೇ ಟೈಮರ್ ಇಡಬಹುದು, ಸಣ್ಣಪುಟ್ಟ ರೂಲ್ ಬರೆಯಬಹುದು, ಎಂಕ್ಯೂಟಿಟಿ ಸರ್ವರಿನ ವಿಳಾಸ ಕೊಡಬಹುದು. ಬೇರೆ ಯಾವ ಹಬ್ ಇಲ್ಲದಿದ್ದರೂ ಆ ಪ್ಲಗ್ ತಾನೊಂದೇ ಬದುಕುತ್ತದೆ. ಒಂದೆರಡು ಸಾಧನ ಇರುವವರಿಗೆ, ಹೋಮ್ ಅಸಿಸ್ಟೆಂಟ್ (ಮನೆಯ ಸಾಧನಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ಸಾಫ್ಟ್‌ವೇರ್) ಬೇಡ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಇಎಸ್‌ಪಿಹೋಮ್‌ನ ರೀತಿ ಬೇರೆ. ನಿಮ್ಮ ಸಾಧನದಲ್ಲಿ ಏನೇನಿದೆ ಅಂತ ಯಾಮಲ್ ಅನ್ನುವ ಒಂದು ಸಾದಾ ಅಕ್ಷರದ ಫೈಲಿನಲ್ಲಿ ಬರೆಯುತ್ತೀರಿ. ಈ ಪಿನ್ನಿಗೆ ರಿಲೇ (ಕರೆಂಟ್ ಹಾಯಿಸುವ, ನಿಲ್ಲಿಸುವ ಸ್ವಿಚ್), ಆ ಪಿನ್ನಿಗೆ ಬಟನ್, ಇಲ್ಲಿ ತಾಪಮಾನದ ಸೆನ್ಸರ್. ಅಷ್ಟಕ್ಕೇ ಬೇಕಾದ ಫರ್ಮ್‌ವೇರ್ ಕಂಪೈಲ್ ಆಗುತ್ತದೆ, ಅಂದರೆ ಆ ಫೈಲಿನಿಂದ ತಯಾರಾಗುತ್ತದೆ. ಏನಾದರೂ ಬದಲಾಯಿಸಬೇಕೆಂದರೆ ಫೈಲ್ ತಿದ್ದಿ ಮತ್ತೆ ಕಂಪೈಲ್ ಮಾಡಿ ವೈಫೈ ಮೂಲಕ ಕಳಿಸಬೇಕು. ಟಾಸ್ಮೋಟಾದಲ್ಲಿ ಎರಡು ಕ್ಲಿಕ್ಕಿನ ಕೆಲಸ ಇಲ್ಲಿ ಎರಡು ನಿಮಿಷ ಹಿಡಿಯುತ್ತದೆ. ಅದಕ್ಕೆ ಪ್ರತಿಯಾಗಿ ಸಿಗುವುದು ದೊಡ್ಡದು: ಹೋಮ್ ಅಸಿಸ್ಟೆಂಟ್ ಜೊತೆ ಎಂಕ್ಯೂಟಿಟಿ ಇಲ್ಲದೆ ನೇರ ಮಾತು, ಆ ಮಾತಿಗೆ ಎನ್‌ಕ್ರಿಪ್ಷನ್ (ಮಧ್ಯದವರು ಓದಲಾಗದ ಗೂಢಲಿಪಿ), ಮತ್ತು ಮನೆಯ ಎಲ್ಲ ಸಾಧನಗಳ ಸೆಟ್ಟಿಂಗ್ ಫೈಲುಗಳಲ್ಲಿ ಭದ್ರ. ಒಂದು ಪ್ಲಗ್ ಸುಟ್ಟುಹೋದರೆ ಹೊಸದಕ್ಕೆ ಅದೇ ಫೈಲ್ ಹಾಕಿದರೆ ಆಯಿತು. ಹತ್ತು ಹದಿನೈದು ಸಾಧನ ದಾಟಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಬರೀ ಎಲ್‌ಇಡಿ ಸ್ಟ್ರಿಪ್ ಮಾತ್ರ ಅಂದರೆ ಇವೆರಡೂ ಬೇಡ, ಡಬ್ಲ್ಯೂಎಲ್‌ಇಡಿ ಅನ್ನುವ ಫರ್ಮ್‌ವೇರ್ ಹಾಕಿ.

ಫ್ಲ್ಯಾಶ್ ಮಾಡುವ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಪ್ಲಗ್ ಗೋಡೆಯಲ್ಲಿರುವಾಗ ಅದಕ್ಕೆ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ (ಕಂಪ್ಯೂಟರಿನಿಂದ ಚಿಪ್ಪಿಗೆ ಫರ್ಮ್‌ವೇರ್ ಬರೆಯಲು ಬಳಸುವ ಕೊಂಡಿ) ಯಾವತ್ತೂ ಜೋಡಿಸಬೇಡಿ. ಬಹಳ ಪ್ಲಗ್‌ಗಳಲ್ಲಿ ಚಿಪ್ಪಿನ ಕಡಿಮೆ ವೋಲ್ಟೇಜಿನ ಭಾಗಕ್ಕೂ ಮೇನ್ಸ್ ಕರೆಂಟಿಗೂ ನಡುವೆ ತಡೆ ಇರುವುದಿಲ್ಲ. ಆ ಕರೆಂಟ್ ನಿಮ್ಮ ಕಂಪ್ಯೂಟರಿಗೆ, ನಿಮ್ಮ ಕೈಗೆ ಬರುತ್ತದೆ. ಗೋಡೆಯಿಂದ ತೆಗೆದು, ಅಡಾಪ್ಟರಿನಿಂದಲೇ 3.3 ವೋಲ್ಟ್ ಕೊಟ್ಟು ಮಾಡಿ. 5 ವೋಲ್ಟ್ ಕೊಟ್ಟರೆ ಚಿಪ್ ಹೋಗಬಹುದು. ಹೊಸದನ್ನು ಬರೆಯುವ ಮೊದಲು ಇಎಸ್‌ಪಿಟೂಲ್ ಅನ್ನುವ ಸಾಫ್ಟ್‌ವೇರ್‌ನಿಂದ ಹಳೆ ಫರ್ಮ್‌ವೇರ್ ಓದಿ ಒಂದು ಪ್ರತಿ ಇಟ್ಟುಕೊಳ್ಳಿ. ಬೇಡ ಅನ್ನಿಸಿದರೆ ವಾಪಸ್ ಹೋಗಲು ಬಹುಪಾಲು ಅದೊಂದೇ ದಾರಿ. ವಾರಂಟಿ ಹೋಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಡಬ್ಬಿ ಬಿಚ್ಚದೆ ವೈಫೈ ಮೂಲಕವೇ ಬದಲಿಸುವ ದಾರಿಗಳೂ ಇದ್ದವು. ಟುಯಾ ಅನ್ನುವ ಕಂಪನಿಯ ಸಾಧನಗಳಿಗೆ ಟುಯಾ ಕನ್ವರ್ಟ್ ಅಂತ ಇತ್ತು, ಆಮೇಲೆ ಕಂಪನಿ ಆ ಕಿಂಡಿ ಮುಚ್ಚಿತು. ಹಾಗಾಗಿ ಹಳೆ ವಿಡಿಯೋ ನೋಡಿ ಹೊಸ ಪ್ಲಗ್ ಕೊಳ್ಳಬೇಡಿ.

ಹೊಸ ಫರ್ಮ್‌ವೇರ್ ಹಾಕಿದ ಮೇಲೆ ಬಾಗಿಲು ಎಲ್ಲಿದೆ?

ತುಂಬಾ ಜನ ಎಡವುವುದು ಇಲ್ಲಿ. ಕಂಪನಿಯ ಕ್ಲೌಡ್ ತೆಗೆದ ಕೂಡಲೇ ಹೊರಗಿನಿಂದ ಓಡಿಸುವ ಸೌಕರ್ಯವೂ ಅದರ ಜೊತೆಗೇ ಹೋಗುತ್ತದೆ. ಆಗ ಅವಸರದಲ್ಲಿ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ, ಅಂದರೆ ಹೊರಗಿನಿಂದ ಒಳಗಿನ ಸಾಧನಕ್ಕೆ ನೇರ ಕಿಂಡಿ ತೆರೆದು, ಪ್ಲಗ್ಗಿನ ಪುಟವನ್ನೇ ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ. ಟಾಸ್ಮೋಟಾದ ಪುಟ ಸಾದಾ ಎಚ್‌ಟಿಟಿಪಿಯಲ್ಲಿ ಬರುತ್ತದೆ, ಪಾಸ್‌ವರ್ಡ್ ಇಟ್ಟರೂ ಅದು ಎನ್‌ಕ್ರಿಪ್ಷನ್ ಇಲ್ಲದೆ ಹರಿಯುತ್ತದೆ. ಇಎಸ್‌ಪಿ8266ನಂಥ ಪುಟ್ಟ ಚಿಪ್‌ನಲ್ಲಿ ಗಟ್ಟಿ ಭದ್ರತೆ ನಡೆಸುವಷ್ಟು ಮೆಮೊರಿ ಇಲ್ಲ. ಆ ಫರ್ಮ್‌ವೇರ್ ಬರೆದವರೇ ಅದನ್ನು ಮನೆಯೊಳಗಿನ ಬಳಕೆಗೆ ಅಂತ ಬರೆದಿದ್ದಾರೆ.

2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಹರಡಿದ್ದು ಇಂಥ ತೆರೆದ ಬಾಗಿಲುಗಳಿಂದಲೇ. ಇಂಟರ್ನೆಟ್ಟಿಗೆ ಕಾಣುತ್ತಿದ್ದ ಕ್ಯಾಮೆರಾ, ಡಿವಿಆರ್‌ಗಳನ್ನು (ವಿಡಿಯೋ ರೆಕಾರ್ಡರ್) ಹುಡುಕಿ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್‌ಗಳ ಒಂದು ಪಟ್ಟಿಯನ್ನು ಒಂದೊಂದಾಗಿ ಹಾಕಿ ನೋಡುತ್ತಿತ್ತು, ಅಷ್ಟೇ. ಆ ವರ್ಷದ ಅಕ್ಟೋಬರ್ 21ರಂದು ಹಾಗೆ ಸೆರೆಸಿಕ್ಕ ಸಾಧನಗಳು ಸೇರಿ ಡೈನ್ ಎಂಬ ಡಿಎನ್‌ಎಸ್ ಕಂಪನಿಯ (ವೆಬ್‌ಸೈಟಿನ ಹೆಸರಿಗೆ ಅದರ ಐಪಿ ವಿಳಾಸ ಹುಡುಕಿಕೊಡುವವರು) ಮೇಲೆ ಬಿದ್ದವು, ದೊಡ್ಡ ದೊಡ್ಡ ವೆಬ್‌ಸೈಟ್‌ಗಳೇ ಗಂಟೆಗಟ್ಟಲೆ ತೆರೆಯಲಿಲ್ಲ.

ರಿಮೋಟ್ ಆಕ್ಸೆಸ್‌ನಲ್ಲಿ ಯಾವುದು

ವೈರ್‌ಗಾರ್ಡ್ ಅನ್ನುವ ವಿಪಿಎನ್ (ಹೊರಗಿನಿಂದ ಮನೆಯ ನೆಟ್‌ವರ್ಕಿಗೆ ಬರುವ ಗುಪ್ತ ಸುರಂಗ) ನನಗೆ ಎಲ್ಲಕ್ಕಿಂತ ಇಷ್ಟ. 2020ರಲ್ಲಿ ಲಿನಕ್ಸ್ ಕರ್ನಲ್ 5.6ಕ್ಕೆ ಸೇರಿತು, ಕೋಡ್ ಚಿಕ್ಕದು, ವೇಗ ಚೆನ್ನಾಗಿದೆ. ಸರಿಯಾದ ಕೀ ಇಲ್ಲದವರು ಬಾಗಿಲು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ಹಾಗಾಗಿ ಹೊರಗಿನಿಂದ ಹುಡುಕುವವರಿಗೆ ಅಲ್ಲೊಂದು ಬಾಗಿಲಿದೆ ಅಂತಲೇ ಗೊತ್ತಾಗುವುದಿಲ್ಲ. ಮಧ್ಯದಲ್ಲಿ ಯಾವ ಕಂಪನಿಯೂ ಇಲ್ಲ. ಓಪನ್‌ಡಬ್ಲ್ಯೂಆರ್‌ಟಿ (ರೂಟರಿಗೆ ಹಾಕುವ ಉಚಿತ ಫರ್ಮ್‌ವೇರ್) ಹಾಕಿದ ರೂಟರ್ ಇದ್ದರೆ ಅದರಲ್ಲೇ ನಡೆಸಬಹುದು, ಬೇರೆ ಕಂಪ್ಯೂಟರೇ ಬೇಡ.

ತೊಡಕು ಏನೆಂದರೆ ರೂಟರ್‌ನಲ್ಲಿ ಒಂದು ಯುಡಿಪಿ ಪೋರ್ಟ್ ತೆರೆಯಬೇಕು, ಸಾಮಾನ್ಯವಾಗಿ 51820. ನಿಮ್ಮ ಇಂಟರ್ನೆಟ್ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ನೂರಾರು ಮನೆಗೆ ಹಂಚುತ್ತಿದ್ದರೆ, ಅಂದರೆ ಸಿಜಿನ್ಯಾಟ್ ಇದ್ದರೆ, ಪೋರ್ಟ್ ತೆರೆದೂ ಪ್ರಯೋಜನವಿಲ್ಲ. ಪತ್ತೆ ಮಾಡುವುದು ಸುಲಭ. ರೂಟರಿನ ಪುಟದಲ್ಲಿ ಕಾಣುವ ವ್ಯಾನ್ (ಹೊರಗಿನ ಕಡೆಯ) ಐಪಿಗೂ, ನನ್ನ ಐಪಿ ಯಾವುದು ಅಂತ ವೆಬ್‌ನಲ್ಲಿ ಕೇಳಿದಾಗ ಬರುವ ಐಪಿಗೂ ತಾಳೆ ನೋಡಿ. ಬೇರೆ ಬೇರೆ ಇದ್ದರೆ, ಅದರಲ್ಲೂ ರೂಟರಿನದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ, ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಸಿಗುತ್ತಿದ್ದರೆ ಅದರಿಂದ ದಾರಿ ಮಾಡಿಕೊಳ್ಳಬಹುದು, ಇಲ್ಲದಿದ್ದರೆ ಮುಂದಿನದಕ್ಕೆ ಹೋಗಿ.

ಟೇಲ್‌ಸ್ಕೇಲ್ ಆ ಮುಂದಿನದು. ಒಳಗೆ ಅದೇ ವೈರ್‌ಗಾರ್ಡ್. ಆದರೆ ಎರಡು ತುದಿಗಳನ್ನು ಪರಿಚಯಿಸುವ ಕೆಲಸವನ್ನು ಅವರ ಸರ್ವರ್ ಮಾಡುತ್ತದೆ. ಪೋರ್ಟ್ ತೆರೆಯಬೇಕಾಗಿಲ್ಲ, ಸಿಜಿನ್ಯಾಟ್ ಇದ್ದರೂ ನಡೆಯುತ್ತದೆ. ನೇರ ದಾರಿ ಸಿಗದಿದ್ದರೆ ಅವರ ರಿಲೇ ಸರ್ವರ್ ಮೂಲಕ ಹೋಗುತ್ತದೆ, ಆಗ ಸ್ವಲ್ಪ ನಿಧಾನ, ಆದರೆ ಎನ್‌ಕ್ರಿಪ್ಷನ್ ಹಾಗೇ ಇರುತ್ತದೆ. ಸ್ಮಾರ್ಟ್ ಪ್ಲಗ್‌ನಲ್ಲಿ ಟೇಲ್‌ಸ್ಕೇಲ್ ಹಾಕಲು ಆಗುವುದಿಲ್ಲ, ಮನೆಯ ಒಂದು ಕಂಪ್ಯೂಟರನ್ನು ಸಬ್‌ನೆಟ್ ರೂಟರ್ ಮಾಡಿ ಅದರ ಮೂಲಕ ಪ್ಲಗ್‌ಗಳಿಗೆ ಹೋಗಬೇಕು. ಇನ್ನೊಂದು ಮುಖ್ಯ ವಿಷಯ: ಇದರಲ್ಲಿ ಕೀಗಳ ಅವಧಿ ಸಾಮಾನ್ಯವಾಗಿ 180 ದಿನಕ್ಕೆ ಮುಗಿಯುತ್ತದೆ. ಮನೆಯ ಕಂಪ್ಯೂಟರಿಗೆ ಮಾತ್ರ ಆ ಅವಧಿಯನ್ನು ಆಫ್ ಮಾಡಿಡಿ. ಇಲ್ಲದಿದ್ದರೆ ನೀವು ದೂರದಲ್ಲಿರುವಾಗಲೇ ಅದು ಮುಗಿಯಬಹುದು, ಆಗ ಮನೆಗೆ ಬಂದೇ ಸರಿಮಾಡಬೇಕಾಗುತ್ತದೆ. ಪರಿಚಯಿಸುವ ಸರ್ವರ್ ಕೂಡ ನಮ್ಮದೇ ಇರಲಿ ಅನ್ನುವವರಿಗೆ ಹೆಡ್‌ಸ್ಕೇಲ್ ಇದೆ. ಆದರೆ ಅದನ್ನು ನಡೆಸುವ ಶ್ರಮ ವೈರ್‌ಗಾರ್ಡಿಗಿಂತ ಕಡಿಮೆಯೇನಲ್ಲ.

ವೈರ್‌ಗಾರ್ಡ್, ಟೇಲ್‌ಸ್ಕೇಲ್ ಎರಡರಲ್ಲೂ ಒಂದು ಸಣ್ಣ ಕಿರಿಕಿರಿ ಇದೆ. ಮನೆಯ ನೆಟ್‌ವರ್ಕ್ 192.168.1 ಅಂತ ಶುರುವಾಗಿ, ನೀವು ಹೋದ ಕಡೆಯ ವೈಫೈಯೂ ಅದೇ ಆಗಿದ್ದರೆ ಫೋನಿಗೆ ಯಾವ ಕಡೆ ಹೋಗಬೇಕು ಅಂತ ತಿಳಿಯುವುದಿಲ್ಲ. ಮೊದಲೇ ಮನೆಯ ರೂಟರ್‌ನಲ್ಲಿ ಅಪರೂಪದ ಸಂಖ್ಯೆ ಹಾಕಿ, 192.168.83 ಥರದ್ದು. ಇನ್ನು ಸಾಧನಗಳನ್ನು ತಾನಾಗಿ ಹುಡುಕುವ ಆ್ಯಪ್‌ಗಳು ಹೊರಗಿನಿಂದ ಏನನ್ನೂ ಕಾಣುವುದಿಲ್ಲ. ಐಪಿ ವಿಳಾಸ ಬರೆದಿಟ್ಟುಕೊಂಡು ಅದರಿಂದಲೇ ಹೋಗಿ.

ಕ್ಲೌಡ್‌ಫ್ಲೇರ್ ಟನಲ್ ಬೇರೆ ಜಾತಿಯದು. ಮನೆಯ ಕಂಪ್ಯೂಟರೇ ಹೊರಗೆ ಹೋಗಿ ಸಂಪರ್ಕ ಹಿಡಿದಿಟ್ಟುಕೊಳ್ಳುತ್ತದೆ, ನೀವು ನಿಮ್ಮ ಡೊಮೇನ್ ಹೆಸರಿನಿಂದ ಯಾವ ಬ್ರೌಸರಿನಲ್ಲಾದರೂ ತೆರೆಯಬಹುದು. ಫೋನಿನಲ್ಲಿ ಏನೂ ಹಾಕಬೇಕಾಗಿಲ್ಲ, ಮನೆಯ ಹಿರಿಯರಿಗೂ ಒಂದು ಲಿಂಕ್ ಕೊಟ್ಟರೆ ಆಯಿತು. ಆದರೆ ಎನ್‌ಕ್ರಿಪ್ಷನ್ ಅವರ ಸರ್ವರ್‌ನಲ್ಲಿ ಬಿಚ್ಚಿಕೊಳ್ಳುತ್ತದೆ, ಅಂದರೆ ಅವರನ್ನು ನಂಬಬೇಕು. ಜೊತೆಗೆ ನಿಮ್ಮ ಲಾಗಿನ್ ಪುಟ ಲೋಕಕ್ಕೆಲ್ಲ ಕಾಣುತ್ತದೆ, ಮುಂದೆ ಅವರದೇ ಆಕ್ಸೆಸ್ ಅನ್ನುವ ಕಾವಲು ಹಾಕದಿದ್ದರೆ. ಲಾಗಿನ್ ಪುಟ ಇದೆಯಲ್ಲ, ಸಾಕು ಅನ್ನುವವರು 2023ರ ಮಾರ್ಚ್ ನೆನಪಿಡಿ. ಹೋಮ್ ಅಸಿಸ್ಟೆಂಟ್‌ನ ಸೂಪರ್‌ವೈಸರ್ ಭಾಗದಲ್ಲಿ ಲಾಗಿನ್ ಇಲ್ಲದೆಯೇ ಒಳಗೆ ಹೋಗಬಹುದಾದ ದೋಷ ಹೊರಬಂದಿತ್ತು. ಬೇಗ ಸರಿಪಡಿಸಿದರು, ನಿಜ. ವಿಪಿಎನ್ ಹಿಂದೆ ಇದ್ದವರ ಪುಟ ಹೊರಗಿನವರಿಗೆ ಕಾಣುತ್ತಲೇ ಇರಲಿಲ್ಲ.

ಹೋಮ್ ಅಸಿಸ್ಟೆಂಟ್ ಬಳಸುವವರಿಗೆ ಅವರದೇ ಕ್ಲೌಡ್ ಚಂದಾ ಇದೆ. ದುಡ್ಡು ಕೊಡಬೇಕು, ಆದರೆ ಒಂದು ಬಟನ್ ಒತ್ತಿದರೆ ಕೆಲಸ ಮುಗಿಯಿತು. ಎನ್‌ಕ್ರಿಪ್ಷನ್ ಮನೆಯ ತನಕ ಹಾಗೇ ಬರುತ್ತದೆ, ಮಧ್ಯದಲ್ಲಿ ಬಿಚ್ಚುವುದಿಲ್ಲ. ಅಲೆಕ್ಸಾ, ಗೂಗಲ್ ಅಸಿಸ್ಟೆಂಟ್ ಜೋಡಿಸುವುದೂ ಸಲೀಸು. ಸಮಯ ಇಲ್ಲದವರಿಗೆ ಇದು ಒಳ್ಳೆಯ ಖರ್ಚು ಅಂತ ನನ್ನ ಅಭಿಪ್ರಾಯ.

ಎನಿಡೆಸ್ಕ್, ರಸ್ಟ್‌ಡೆಸ್ಕ್ ಥರದ ಸ್ಕ್ರೀನ್ ಹಂಚುವ ಸಾಫ್ಟ್‌ವೇರ್ ಹಾಕಿ ಮನೆಯ ಕಂಪ್ಯೂಟರಿನ ಬ್ರೌಸರಿನಿಂದ ದೀಪ ಹಾಕುವವರೂ ಇದ್ದಾರೆ. ನಡೆಯುತ್ತದೆ, ಆದರೆ ಒಂದು ಸ್ವಿಚ್ಚಿಗಾಗಿ ಇಡೀ ಕಂಪ್ಯೂಟರಿನ ಕೀಲಿ ಹೊರಗೆ ಕೊಟ್ಟಂತೆ. ತುರ್ತಿಗೆ ಮಾತ್ರ ಇರಲಿ.

ಎರಡೂ ಸೇರುವ ಒಂದು ಜಾಗ

ಇಎಸ್‌ಪಿಹೋಮ್‌ನಲ್ಲೇ ವೈರ್‌ಗಾರ್ಡ್ ಸೇರಿಸುವ ಸೌಕರ್ಯ ಇದೆ. ಮನೆಯ ಸಾಧನಗಳಿಗೆ ಇದು ಬೇಡ. ಮನೆಯಿಂದ ದೂರದ ಶೆಡ್ಡಿನಲ್ಲಿ ಒಂದೇ ಒಂದು ಸೆನ್ಸರ್ ಇದೆ, ಅಲ್ಲಿ ಬೇರೆಯದೇ ವೈಫೈ, ಅದಕ್ಕೊಂದು ಕಂಪ್ಯೂಟರ್ ಇಡಲು ಆಗುವುದಿಲ್ಲ ಅನ್ನುವ ಸಂದರ್ಭಕ್ಕೆ ಹೇಳಿಮಾಡಿಸಿದ್ದು. ಆ ಪುಟ್ಟ ಸೆನ್ಸರೇ ಮನೆಯ ವೈರ್‌ಗಾರ್ಡಿಗೆ ಬಂದು ಸೇರಿಕೊಳ್ಳುತ್ತದೆ. ಅದರ ಗಡಿಯಾರ ಸರಿಯಿರಬೇಕು ಅಷ್ಟೇ, ಸಮಯ ತಪ್ಪಿದ್ದರೆ ಸಂಪರ್ಕ ಆಗುವುದಿಲ್ಲ. ಫೈಲಿನಲ್ಲಿ ಎಸ್‌ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಸರಿಯಾದ ಸಮಯ ತರುವ ಪದ್ಧತಿ) ಸೇರಿಸಲು ಮರೆಯಬೇಡಿ.

ಯಾರಿಗೆ ಯಾವುದು

ಒಂದೆರಡು ಸಾಧನ, ಸಮಯ ಇಲ್ಲ, ಇಂಟರ್ನೆಟ್ ಹೋದರೆ ಗೋಡೆಯ ಸ್ವಿಚ್ ಒತ್ತಿದರಾಯಿತು ಅನ್ನುವವರು ಏನನ್ನೂ ಬದಲಿಸಬೇಡಿ. ಪಾಸ್‌ವರ್ಡ್ ಗಟ್ಟಿ ಮಾಡಿ, ಎರಡು ಹಂತದ ಲಾಗಿನ್ ಇದ್ದರೆ ಆನ್ ಮಾಡಿ, ರೂಟರ್‌ನಲ್ಲಿ ಯುಪಿಎನ್‌ಪಿ (ಸಾಧನಗಳು ತಾವಾಗಿಯೇ ಪೋರ್ಟ್ ತೆರೆಯುವ ಸೌಕರ್ಯ) ಆಫ್ ಮಾಡಿ. ಅಷ್ಟು ಸಾಕು.

ದುಡ್ಡು ಕಡಿಮೆ, ಸಮಯ ಇದೆ, ಕೈ ಓಡಿಸಲು ಇಷ್ಟ ಅನ್ನುವವರಿಗೆ ಟಾಸ್ಮೋಟಾ ಜೊತೆ ರೂಟರಿನಲ್ಲೇ ವೈರ್‌ಗಾರ್ಡ್. ಸಿಜಿನ್ಯಾಟ್ ಇದ್ದರೆ ಹಳೆ ಲ್ಯಾಪ್‌ಟಾಪೋ ರಾಸ್ಪ್‌ಬೆರಿ ಪೈಯೋ ಹಿಡಿದು ಟೇಲ್‌ಸ್ಕೇಲ್. ಮನೆ ತುಂಬ ಸಾಧನ ಇದ್ದು, ಇನ್ನೂ ಬೆಳೆಸುವ ಆಸೆ ಇದ್ದರೆ ಹೋಮ್ ಅಸಿಸ್ಟೆಂಟ್, ಇಎಸ್‌ಪಿಹೋಮ್, ಮತ್ತು ವಿಪಿಎನ್ ಅಥವಾ ಅವರ ಚಂದಾ. ದುಡ್ಡಿದೆ ಆದರೆ ಬೆಸುಗೆ ಕಡ್ಡಿ ಹಿಡಿಯುವ ಮನಸ್ಸಿಲ್ಲ ಅಂದರೆ ಲೋಕಲ್ ಕಂಟ್ರೋಲ್ ಇರುವ ಸಾಧನಗಳನ್ನೇ ಕೊಂಡು ಚಂದಾ ಕಟ್ಟಿ.

ಬಾಡಿಗೆ ಮನೆಯವರು ಗೋಡೆಯೊಳಗಿನ ಸ್ವಿಚ್‌ಗಳಿಗೆ ಕೈಹಾಕದೆ ಪ್ಲಗ್ ಮತ್ತು ಬಲ್ಬಿನಲ್ಲೇ ಮುಗಿಸಿ. ಬಿಟ್ಟು ಹೋಗುವಾಗ ಬಿಚ್ಚಿಕೊಂಡು ಹೋಗಬಹುದು.

ಯಾವುದನ್ನೇ ಆರಿಸಿ, ಶುರು ಮಾಡುವಾಗ ಒಂದೇ ಪ್ಲಗ್‌ನಿಂದ ಶುರು ಮಾಡಿ. ಅದಕ್ಕೆ ಟೇಬಲ್ ಲ್ಯಾಂಪ್ ಜೋಡಿಸಿ, ಹೀಟರನ್ನಲ್ಲ. ಕರೆಂಟ್ ಹೋಗಿ ಬಂದಾಗ ರಿಲೇ ಆನ್ ಆಗುತ್ತದಾ ಆಫ್ ಆಗುತ್ತದಾ ಅಂತ ನೋಡಿ, ಟಾಸ್ಮೋಟಾ, ಇಎಸ್‌ಪಿಹೋಮ್ ಎರಡರಲ್ಲೂ ಅದನ್ನು ನೀವೇ ನಿಗದಿ ಮಾಡಬಹುದು. ಆಮೇಲೆ ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ವಿಪಿಎನ್ ಹಾಕಿ ಹೊರಗಿನವರಂತೆ ಬಂದು ನೋಡಿ. ಎರಡು ವಾರ ಹೀಗೇ ತಂಟೆ ಇಲ್ಲದೆ ನಡೆದರೆ ಎರಡನೇ ಪ್ಲಗ್ಗಿಗೆ ಹೋಗಿ.